ವೀಕ್ಷಣಾಲಯದ ಹುಡುಗನಿಗೆ ಯಾವ ಟೆಸ್ಟ್? ಸೈಕೋಪಥಿಕ್ ಲಕ್ಷಣ ಮತ್ತು ಆಕ್ರಮಣಶೀಲತೆ ಅಳೆಯುವ ಸಾಧನಗಳ ಹೋಲಿಕೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮಕ್ಕಳ ರಕ್ಷಣಾ ಘಟಕಕ್ಕೆ ಹೊಸದಾಗಿ ಸೇರಿದ ಕೌನ್ಸೆಲರ್‌ಗಳು, ಎಂಎಸ್‌ಡಬ್ಲ್ಯೂ ಅಥವಾ ಸೈಕಾಲಜಿ ಓದುತ್ತಿರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: "ಈ ಹುಡುಗನಲ್ಲಿ ಸೈಕೋಪಥ್ ಲಕ್ಷಣ ಇದೆಯಾ ಅಂತ ನೋಡೋಕೆ ಯಾವ ಟೆಸ್ಟ್ ಒಳ್ಳೇದು?" ಟೆಸ್ಟ್ ಯಾವುದು ಅನ್ನುವುದು ಆಮೇಲಿನ ಮಾತು. ಮೊದಲು ಯಾರು ಕೇಳುತ್ತಿದ್ದಾರೆ, ಉತ್ತರ ಕೈಗೆ ಸಿಕ್ಕಮೇಲೆ ಏನು ಮಾಡುತ್ತಾರೆ ಅನ್ನುವುದು ಗೊತ್ತಾಗಬೇಕು.

ವೀಕ್ಷಣಾಲಯ ಅಂದರೆ ಅಪರಾಧದ ಆರೋಪ ಇರುವ ಮಕ್ಕಳನ್ನು ವಿಚಾರಣೆ ನಡೆಯುವಾಗ ಇಡುವ ಜಾಗ. ಅಲ್ಲಿಯ ಅಧೀಕ್ಷಕರ ಚಿಂತೆ ಬೇರೆ. ಇವತ್ತು ರಾತ್ರಿ ಇವನನ್ನು ಯಾವ ಕೋಣೆಯಲ್ಲಿ ಮಲಗಿಸಲಿ, ಯಾರ ಜೊತೆ ಒಬ್ಬನೇ ಬಿಡಬಾರದು ಅಂತ ಅವರಿಗೆ ಗೊತ್ತಾಗಬೇಕು. ಚಿಕಿತ್ಸೆ ಕೊಡುವವರು ಎಲ್ಲಿಂದ ಶುರು ಮಾಡಲಿ ಅಂತ ನೋಡುತ್ತಿರುತ್ತಾರೆ. ಪಿಎಚ್‌ಡಿ ಮಾಡುವವರಿಗೆ ತುಂಬಾ ಮಕ್ಕಳಿಂದ ಬೇಗ ತುಂಬಿಸಬಹುದಾದ ಹಾಳೆ ಬೇಕು. ಇಂಥ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿ ಕೇಳುವುದು ಇವ್ಯಾವುದೂ ಅಲ್ಲ, ಕಾನೂನಿನಲ್ಲಿ ಬರೆದ ಬೇರೆಯೇ ಪ್ರಶ್ನೆ. ಈ ನಾಲ್ವರಿಗೂ ಒಂದೇ ಟೆಸ್ಟ್ ಸಾಕು ಅಂದುಕೊಂಡರೆ ಎಡವಟ್ಟು ಅಲ್ಲೇ ಶುರು.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೂರು ಜಿಲ್ಲೆಗಳ ಪರಿಸ್ಥಿತಿಯಲ್ಲಿ ಆಕ್ರಮಣಶೀಲತೆ ಅಳೆಯುವುದು ದಿನನಿತ್ಯದ ಕೆಲಸಕ್ಕೆ ಬರುತ್ತದೆ. ಸೈಕೋಪಥಿಕ್ ಲಕ್ಷಣ ಅಳೆಯುವುದು ಚಿಕಿತ್ಸೆಯ ಯೋಜನೆಗೆ ಮಾತ್ರ, ಅದೂ ತರಬೇತಿ ಇದ್ದವರ ಕೈಯಿಂದ. ಮಂಡಳಿಗೆ ಹೋಗುವ ವರದಿಯಲ್ಲಿ ಸೈಕೋಪಥಿ ಸ್ಕೋರು ಬರಲೇಬಾರದು. ಯಾಕೆ ಅಂತ ಮುಂದೆ ನೋಡೋಣ.

ಎರಡೂ ಒಂದೇ ಅಲ್ಲ

ಹೊಡೆದಾಡುವ ಹುಡುಗರೆಲ್ಲ ಕಲ್ಲೆದೆಯವರಲ್ಲ. ಕಲ್ಲೆದೆಯ ಹುಡುಗರೆಲ್ಲ ಹೊಡೆದಾಡುವುದೂ ಇಲ್ಲ. ಸೈಕೋಪಥಿಕ್ ಲಕ್ಷಣ ಅಂದಾಗ ಸಾಮಾನ್ಯವಾಗಿ ಮೂರು ಗುಂಪು ನೋಡುತ್ತಾರೆ. ಒಂದು, ಬಣ್ಣದ ಮಾತು, ಸುಳ್ಳು, ಬೇರೆಯವರನ್ನು ಆಡಿಸುವ ಚಾಳಿ. ಎರಡನೆಯದು, ಕನಿಕರ ಮತ್ತು ತಪ್ಪಿನ ಅಳುಕು ಇಲ್ಲದಿರುವುದು, ಭಾವನೆ ತೆಳುವಾಗಿರುವುದು. ಮೂರನೆಯದು, ಹಿಂದೆಮುಂದೆ ನೋಡದೆ ನುಗ್ಗುವುದು, ಜವಾಬ್ದಾರಿ ಇಲ್ಲದಿರುವುದು. ಮೂರನೆಯ ಗುಂಪು ಹದಿನಾರರ ಎಷ್ಟೋ ಹುಡುಗರಲ್ಲಿ ಸುಮ್ನೆ ವಯಸ್ಸಿನ ಕಾರಣಕ್ಕೇ ಕಾಣುತ್ತದೆ, ಅಲ್ವಾ? ಆದ್ದರಿಂದ ಮಕ್ಕಳ ವಿಷಯದಲ್ಲಿ ಸಂಶೋಧಕರು ಜಾಸ್ತಿ ಗಮನ ಕೊಡುವುದು ಎರಡನೆಯ ಗುಂಪಿಗೆ.

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್ಎಂ-5 ಸಹ ಇದೇ ದಾರಿ ಹಿಡಿಯಿತು. ಅದರಲ್ಲಿ ಮಕ್ಕಳಿಗೆ ಸೈಕೋಪಥಿ ಅನ್ನುವ ರೋಗನಿರ್ಣಯವೇ ಇಲ್ಲ. 18 ತುಂಬದವರಿಗೆ ಆಂಟಿಸೋಷಿಯಲ್ ಪರ್ಸನಾಲಿಟಿ ಡಿಸಾರ್ಡರ್ (ಸಮಾಜವಿರೋಧಿ ವ್ಯಕ್ತಿತ್ವ ದೋಷ) ಅಂತಲೂ ಬರೆಯುವಂತಿಲ್ಲ. ಕಂಡಕ್ಟ್ ಡಿಸಾರ್ಡರ್ (ಮೇಲಿಂದ ಮೇಲೆ ನಿಯಮ ಮುರಿಯುವ, ಬೇರೆಯವರಿಗೆ ಹಾನಿ ಮಾಡುವ ನಡವಳಿಕೆಯ ತೊಂದರೆ) ಇದ್ದ ಮಗುವಿಗೆ ಒಂದು ಹೆಚ್ಚುವರಿ ಟಿಪ್ಪಣಿ ಸೇರಿಸಬಹುದು, ಅಷ್ಟೇ. ಪಶ್ಚಾತ್ತಾಪ ಇಲ್ಲದಿರುವುದು, ಕನಿಕರ ಇಲ್ಲದಿರುವುದು, ಓದು ಅಥವಾ ಕೆಲಸ ಕೆಟ್ಟರೂ ತಲೆ ಕೆಡಿಸಿಕೊಳ್ಳದಿರುವುದು, ಭಾವನೆ ಆಳವಿಲ್ಲದಿರುವುದು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಕನಿಷ್ಠ 12 ತಿಂಗಳಿಂದ ಇರಬೇಕು. ಒಂದೇ ಜಾಗದಲ್ಲಲ್ಲ, ಬೇರೆಬೇರೆ ಕಡೆ, ಬೇರೆಬೇರೆ ಜನರ ಜೊತೆ ಕಂಡಿರಬೇಕು. ವೀಕ್ಷಣಾಲಯಕ್ಕೆ ಬಂದು ಹದಿನೈದು ದಿನ ಆದ ಹುಡುಗನ ಬಗ್ಗೆ ಅಲ್ಲಿಯ ಸಿಬ್ಬಂದಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ಅವನನ್ನು ವರ್ಷಗಟ್ಟಲೆ ನೋಡಿದವರನ್ನೇ ಹುಡುಕಬೇಕು.

ಆಕ್ರಮಣಶೀಲತೆಯಲ್ಲಿ ಮುಖ್ಯವಾಗಿ ಎರಡು ಬಗೆ. ಕೆಣಕಿದಾಗ ಸಿಡಿಯುವುದು ಒಂದು, ಲಾಭಕ್ಕಾಗಿ ಲೆಕ್ಕ ಹಾಕಿ ಹೊಡೆಯುವುದು ಇನ್ನೊಂದು. "ಅಂವ ನಮ್ಮವ್ವಗ ಬೈದ ರೀ, ಅದಕ್ಕ ಹೊಡ್ದೆ" ಅನ್ನುವವನು ಮೊದಲನೆಯ ಬಗೆ. ಹೊಸ ಹುಡುಗನ ಸೋಪು, ಬಿಸ್ಕತ್ತು ಕಿತ್ತುಕೊಳ್ಳಲು ಯಾರೂ ಇಲ್ಲದ ಹೊತ್ತು ಕಾಯುವವನು ಎರಡನೆಯ ಬಗೆ. ಇಬ್ಬರ ಹೆಸರೂ ರಿಜಿಸ್ಟರ್‌ನಲ್ಲಿ "ಜಗಳ" ಅಂತಲೇ ಬರುತ್ತದೆ.

ಪಿಸಿಎಲ್-ವೈವಿ: ಹೆಸರು ದೊಡ್ಡದು, ಬೇಡಿಕೆಯೂ ದೊಡ್ಡದು

ಸೈಕೋಪಥಿಕ್ ಲಕ್ಷಣದ ಮಾತು ಬಂದರೆ ಎಲ್ಲರ ಬಾಯಲ್ಲೂ ಬರುವುದು ಇದು, ಸೈಕೋಪಥಿ ಚೆಕ್‌ಲಿಸ್ಟ್‌ನ ಯೂತ್ ವರ್ಷನ್. ರಾಬರ್ಟ್ ಹೇರ್ ದೊಡ್ಡವರಿಗೆ ಮಾಡಿದ ಪಟ್ಟಿಯನ್ನು ಹದಿಹರೆಯದವರಿಗೆ ಹೊಂದಿಸಿದ್ದು. ಅಡೆಲ್ ಫೋರ್ತ್, ಡೇವಿಡ್ ಕಾಸನ್ ಮತ್ತು ಹೇರ್ ಸೇರಿ 2003ರಲ್ಲಿ ಹೊರತಂದರು. 12ರಿಂದ 18 ವರ್ಷದವರಿಗೆ. 20 ಅಂಶಗಳಿದ್ದು, ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 40.

ಇದು ಹುಡುಗನ ಕೈಗೆ ಕೊಟ್ಟು ತುಂಬಿಸುವ ಹಾಳೆಯಲ್ಲ. ತರಬೇತಿ ಪಡೆದವರು ಒಂದೂವರೆ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕೂತು ಮಾತಾಡಬೇಕು. ಜೊತೆಗೆ ಶಾಲೆ, ಪೊಲೀಸ್, ಆಸ್ಪತ್ರೆ, ಮನೆ ಕಡೆಯ ದಾಖಲೆ ಓದಿ, ಹುಡುಗ ಹೇಳಿದ್ದಕ್ಕೂ ಕಾಗದದಲ್ಲಿ ಇರುವುದಕ್ಕೂ ತಾಳೆ ಹಾಕಬೇಕು. ಇದರ ಬಲ ಇರುವುದೇ ಈ ತಾಳೆಯಲ್ಲಿ. ಸುಳ್ಳು ಹೇಳುವ ಹುಡುಗ ಹಾಳೆಯಲ್ಲೂ ಸುಳ್ಳೇ ತುಂಬುತ್ತಾನೆ; ದಾಖಲೆ ಇದ್ದರೆ ಸಿಕ್ಕಿಬೀಳುತ್ತಾನೆ.

ಈಗ ನಮ್ಮ ಕಡೆಗೆ ಬನ್ನಿ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು, ಅಪ್ಪ ಅಮ್ಮನ ಜೊತೆ ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗಿ, ನಡುವೆ ಊರಿಗೆ ಬಂದು ಅಜ್ಜಿಯ ಹತ್ತಿರ ಇದ್ದ ಹುಡುಗ ಅಂದುಕೊಳ್ಳಿ. ಅವನ ದಾಖಲೆ ಎಲ್ಲಿದೆ? ಒಂದು ಎಫ್ಐಆರ್, ಒಂದು ಸಾಮಾಜಿಕ ತನಿಖಾ ವರದಿ, ವಯಸ್ಸಿನ ಪುರಾವೆಗೆ ತಂದ ಶಾಲಾ ಸರ್ಟಿಫಿಕೇಟು. ಮುಗೀತು. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು ಅಂತ ಕಾನೂನು ಹೇಳುತ್ತದೆ. ಅಷ್ಟರಲ್ಲಿ ತಾಂಡಾಕ್ಕೂ ಹೋಗಿ, ಊರ ಮೇಷ್ಟ್ರನ್ನೂ ಕಂಡು ಬರೆದ ವರದಿ ಸಿಕ್ಕರೆ ಪುಣ್ಯ. ತಾಳೆ ಹಾಕಲು ಕಾಗದವೇ ಇಲ್ಲದಿದ್ದರೆ ಪಿಸಿಎಲ್-ವೈವಿ ಬರೀ ಸಂದರ್ಶನವಾಗಿ ಉಳಿಯುತ್ತದೆ.

ಇನ್ನೊಂದು ತೊಡಕು ಮುಖಭಾವದ್ದು. ದೊಡ್ಡವರ ಮುಂದೆ ತಲೆ ತಗ್ಗಿಸಿ ಕೂತು, ಕೇಳಿದ್ದಕ್ಕೆಲ್ಲ "ಹೂಂ ರೀ", "ಗೊತ್ತಿಲ್ರಿ" ಅನ್ನುವುದು ನಮ್ಮ ಕಡೆ ಮರ್ಯಾದೆ. ಪೊಲೀಸ್ ಠಾಣೆ ನೋಡಿ ಬಂದ ಹುಡುಗನಿಗೆ ಅದರ ಮೇಲೆ ಹೆದರಿಕೆ ಬೇರೆ. ಅಂಕ ಹಾಕುವವರು ಅದನ್ನೇ "ಭಾವನೆ ತೆಳು" ಅಂತ ಓದಿದರೆ? ನಾಲ್ಕು ಭೇಟಿ ಆದಮೇಲೆ ಅದೇ ಹುಡುಗ ಮನೆಯ ಆಡಿನ ಮರಿ ಬಗ್ಗೆ ಮಾತಾಡುತ್ತಾ ನಗುವುದನ್ನು ನೋಡದೆ ಆ ಅಂಶಕ್ಕೆ ಅಂಕ ಹಾಕಬೇಡಿ ಅನ್ನುವುದು ನನ್ನ ಸಲಹೆ.

ದೊಡ್ಡವರ ಪಟ್ಟಿಯಲ್ಲಿ 30 ದಾಟಿದರೆ ಸೈಕೋಪಥ್ ಅನ್ನುವ ರೂಢಿ ಇದೆ. ಮಕ್ಕಳ ಪಟ್ಟಿಗೆ ಅಂಥ ಗಡಿ ಅಂಕ ಬೇಡ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ಆದರೂ "ಸ್ಕೋರು 28, ಅಪಾಯಕಾರಿ" ಅಂತ ಬರೆಯುವ ಆಸೆ ಬಿಡುವುದಿಲ್ಲ. ಬಿಡಬೇಕು.

ಎಪಿಎಸ್‌ಡಿ, ವೈಪಿಐ, ಐಸಿಯು: ಹಾಳೆ ತುಂಬಿಸುವ ಮೂರು

ಈ ಮೂರರಲ್ಲಿ ಎಪಿಎಸ್‌ಡಿ (ಆಂಟಿಸೋಷಿಯಲ್ ಪ್ರೊಸೆಸ್ ಸ್ಕ್ರೀನಿಂಗ್ ಡಿವೈಸ್) ಹಳೆಯದು, ಪಾಲ್ ಫ್ರಿಕ್ ಮತ್ತು ಹೇರ್ ಮಾಡಿದ್ದು. 20 ಪ್ರಶ್ನೆ. ಮೂಲತಃ ಚಿಕ್ಕ ಮಕ್ಕಳ ಬಗ್ಗೆ ತಂದೆತಾಯಿ, ಶಿಕ್ಷಕರು ತುಂಬಲಿ ಅಂತ ಮಾಡಿದ್ದು; ಹದಿಹರೆಯದವರು ತಾವೇ ತುಂಬುವ ರೂಪ ಆಮೇಲೆ ಬಂತು. ಕನಿಕರದ ಭಾಗದಲ್ಲಿ ಪ್ರಶ್ನೆ ತುಂಬಾ ಕಡಿಮೆ, ಹಾಗಾಗಿ ಆ ಭಾಗದ ನಂಬಿಕೆ ಸಡಿಲ. ಈಗ ಹೊಸದಾಗಿ ಶುರು ಮಾಡುವವರು ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಆ ಕೊರತೆ ತುಂಬಲು ಫ್ರಿಕ್ ಅವರೇ ಐಸಿಯು (ಇನ್ವೆಂಟರಿ ಆಫ್ ಕ್ಯಾಲಸ್-ಅನ್‌ಎಮೋಷನಲ್ ಟ್ರೇಟ್ಸ್) ಮಾಡಿದರು. ಆಸ್ಪತ್ರೆಯ ಐಸಿಯು ಅಲ್ಲ ಮತ್ತೆ! ಹುಡುಗನನ್ನು "ಐಸಿಯು ಮಾಡಿಸೋಕೆ ಕರ್ಕೊಂಡು ಬನ್ನಿ" ಅಂತ ಮನೆಯವರಿಗೆ ಫೋನಿನಲ್ಲಿ ಹೇಳಿದರೆ ಅವರು ಎದೆ ಒಡೆದುಕೊಳ್ಳುತ್ತಾರೆ. 24 ಪ್ರಶ್ನೆ, 0ರಿಂದ 3ರ ಅಂಕ. ಕಲ್ಲೆದೆ, ಅಕ್ಕರೆ ಇಲ್ಲದಿರುವುದು, ಭಾವನೆ ತೋರಿಸದಿರುವುದು ಅಂತ ಮೂರು ಭಾಗ. ಹುಡುಗ, ತಂದೆತಾಯಿ, ಶಿಕ್ಷಕರು ಮೂವರಿಗೂ ಬೇರೆಬೇರೆ ಹಾಳೆ ಇದೆ. ಬರೀ ಎರಡನೆಯ ಗುಂಪಿನ ಲಕ್ಷಣವೇ ಬೇಕು ಅನ್ನುವವರಿಗೆ ಇದೇ ಸರಿ. ಒಂದು ಎಚ್ಚರಿಕೆ: ಅರ್ಧ ಪ್ರಶ್ನೆಗಳು ಒಳ್ಳೆಯ ಗುಣವನ್ನು ಕೇಳುತ್ತವೆ, ಅಂಕ ತಿರುಗಿಸಿ ಹಾಕಬೇಕು. ಓದು ಕಡಿಮೆ ಇದ್ದ ಹುಡುಗ ಇಲ್ಲಿ ಗೊಂದಲಕ್ಕೆ ಬೀಳುತ್ತಾನೆ. ಎಲ್ಲದಕ್ಕೂ ಒಂದೇ ಕಾಲಂನಲ್ಲಿ ಟಿಕ್ ಹಾಕಿದ ಹಾಳೆ ಬಂದರೆ ಅಂಕ ಕೂಡಿಸುವ ಮೊದಲು ಅವನ ಜೊತೆ ಕೂತು ಬಾಯಲ್ಲಿ ಕೇಳಿ.

ವೈಪಿಐ (ಯೂತ್ ಸೈಕೋಪಥಿಕ್ ಟ್ರೇಟ್ಸ್ ಇನ್ವೆಂಟರಿ) ಸ್ವೀಡನ್‌ನಿಂದ ಬಂದದ್ದು, 2002ರದ್ದು, ಹೆನ್ರಿಕ್ ಆಂಡರ್‌ಷೆಡ್ ಮತ್ತು ಸಂಗಡಿಗರದು. 50 ಪ್ರಶ್ನೆ, ಹತ್ತು ಲಕ್ಷಣಕ್ಕೆ ಐದೈದು. ಇದರ ಜಾಣತನ ಪ್ರಶ್ನೆ ಕೇಳುವ ರೀತಿಯಲ್ಲಿದೆ. "ನೀನು ಸುಳ್ಳುಗಾರನಾ?" ಅಂತ ಕೇಳಿದರೆ ಯಾರು ಹೌದು ಅನ್ನುತ್ತಾರೆ? ವೈಪಿಐ ಅದನ್ನು ಒಂದು ಕಲೆಯಂತೆ, ತಾಕತ್ತಿನಂತೆ ಮುಂದಿಡುತ್ತದೆ. ಹಾಗಾಗಿ ಹುಡುಗರು ಹೆಮ್ಮೆಯಿಂದಲೇ ಒಪ್ಪಿಕೊಳ್ಳುತ್ತಾರೆ. ಹೈಸ್ಕೂಲು ಓದಿದ ಹುಡುಗರ ಮೇಲೆ ಸಂಶೋಧನೆ ಮಾಡುವವರಿಗೆ ಮೂರರಲ್ಲಿ ನನ್ನ ಆಯ್ಕೆ ಇದು. ಆದರೆ 50 ಪ್ರಶ್ನೆ ಓದಿ ಹೇಳಿಸುವಷ್ಟರಲ್ಲಿ ಶಾಲೆ ಬಿಟ್ಟ ಹುಡುಗ ಕಿಟಕಿ ನೋಡುತ್ತಾ ಕೂತಿರುತ್ತಾನೆ. 18 ಪ್ರಶ್ನೆಯ ಚಿಕ್ಕ ರೂಪವೂ ಇದೆ; ಓದಿ ಹೇಳಿಸಬೇಕಾದಲ್ಲಿ ಅದನ್ನೇ ಬಳಸಿ.

ಹೆಚ್ಚು ಅಂಕ ಬಂದರೆ ಏನು ಅರ್ಥ?

ಇಲ್ಲೇ ಸ್ವಲ್ಪ ನಿಂತುಕೊಳ್ಳಬೇಕು, ಯಾಕೆಂದರೆ ಟೆಸ್ಟ್ ಆರಿಸುವುದಕ್ಕಿಂತ ಜಾಸ್ತಿ ಅನಾಹುತ ಆಗುವುದು ಅಂಕ ಓದುವಾಗ.

ಒಂದು, ಅಂಕ ಹಣೆಬರಹವಲ್ಲ. ಡೊನಾಲ್ಡ್ ಲೈನಮ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಹುಡುಗರನ್ನು 13ನೇ ವಯಸ್ಸಿನಲ್ಲಿ ಅಳೆದು, 24ನೇ ವಯಸ್ಸಿನಲ್ಲಿ ಮತ್ತೆ ಅಳೆದ ಅಧ್ಯಯನ 2007ರಲ್ಲಿ ಬಂತು. ಎರಡು ಅಳತೆಗಳ ನಡುವಿನ ಸಂಬಂಧ 0.31 (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಅಂದರೆ ನಂಟು ಇದೆ, ಆದರೆ ಬಿಗಿಯಾದ್ದಲ್ಲ. 13ರಲ್ಲಿ ಹೆಚ್ಚು ಅಂಕ ಬಂದ ಎಷ್ಟೋ ಹುಡುಗರು 24ಕ್ಕೆ ಹಾಗಿರಲಿಲ್ಲ.

ಎರಡು, ಇವರಿಗೆ ಚಿಕಿತ್ಸೆಯೇ ನಾಟುವುದಿಲ್ಲ ಅನ್ನುವ ಮಾತು. ಅದೂ ಪೂರ್ತಿ ಸರಿಯಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೆಂಡೋಟಾ ಕೇಂದ್ರದಲ್ಲಿ ಮೈಕೆಲ್ ಕಾಲ್ಡ್‌ವೆಲ್ ತಂಡ ಪಿಸಿಎಲ್-ವೈವಿಯಲ್ಲಿ ಹೆಚ್ಚು ಅಂಕ ಬಂದ ಹುಡುಗರಿಗೆ ತೀವ್ರ ಚಿಕಿತ್ಸೆ ಕೊಟ್ಟು ಎರಡು ವರ್ಷ ಹಿಂಬಾಲಿಸಿತು. 2006ರಲ್ಲಿ ಬಂದ ವರದಿಯ ಪ್ರಕಾರ, ಮಾಮೂಲಿ ಬಂಧನ ಕೇಂದ್ರದ ಹುಡುಗರು ಮತ್ತೆ ಹಿಂಸೆಯ ಅಪರಾಧಕ್ಕೆ ಇಳಿಯುವ ಸಂಭವ ಚಿಕಿತ್ಸೆ ಪಡೆದವರಿಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು.

ಮೂರು, ಕಲ್ಲೆದೆಯ ಹಿಂದೆ ಏಟು ಇರಬಹುದು. ಹುಟ್ಟುಗುಣದಿಂದಲೇ ಭಯ, ಆತಂಕ ಕಡಿಮೆ ಇರುವವರು ಒಂದು ಬಗೆ. ಹಿಂಸೆ, ನಿರ್ಲಕ್ಷ್ಯ ಅನುಭವಿಸಿ ಮನಸ್ಸು ಮರಗಟ್ಟಿದವರು ಇನ್ನೊಂದು ಬಗೆ. ಇವರಲ್ಲಿ ಒಳಗೆ ಆತಂಕ ಜಾಸ್ತಿ ಇರುತ್ತದೆ. ಐಸಿಯು ಅಂಕ ಇಬ್ಬರಿಗೂ ಒಂದೇ ಬರಬಹುದು, ಆದರೆ ಚಿಕಿತ್ಸೆ ಬೇರೆ. ಅದಕ್ಕೇ ಐಸಿಯು ಮಾಡಿದ ದಿನವೇ ಆತಂಕ ಮತ್ತು ಆಘಾತದ ಬಗ್ಗೆಯೂ ಕೇಳಿ.

ಆಮೇಲೆ ಲೆಕ್ಕದ ಮಾತು. ಬರೀ ಲೆಕ್ಕಕ್ಕಾಗಿ ಹೀಗೆ ಅಂದುಕೊಳ್ಳಿ: 100 ಹುಡುಗರು, ಅವರಲ್ಲಿ ನಿಜವಾಗಿ 10 ಜನರಿಗೆ ತೀವ್ರ ಲಕ್ಷಣ ಇದೆ. ಟೆಸ್ಟ್ ಚೆನ್ನಾಗಿದೆ, 10ರಲ್ಲಿ 8 ಜನರನ್ನು ಹಿಡಿಯುತ್ತದೆ. ಲಕ್ಷಣ ಇಲ್ಲದ 90 ಜನರಲ್ಲಿ ಐದಕ್ಕೆ ಒಬ್ಬರಂತೆ 18 ಜನರನ್ನು ತಪ್ಪಾಗಿ ಎತ್ತುತ್ತದೆ. ಒಟ್ಟು 26 ಜನರ ಮೇಲೆ ಮುದ್ರೆ ಬಿತ್ತು, ಅದರಲ್ಲಿ 18 ಸುಳ್ಳು ಮುದ್ರೆ. ಚಿಕಿತ್ಸೆಗೆ ಕರೆದುಕೊಂಡು ಹೋಗುವುದಾದರೆ ಇಂಥ ತಪ್ಪನ್ನು ಸಹಿಸಬಹುದು. 18 ಹುಡುಗರಿಗೆ ನಾಲ್ಕು ಕೌನ್ಸೆಲಿಂಗ್ ಜಾಸ್ತಿ ಆಗುತ್ತದೆ, ಅಷ್ಟೇ. ದೊಡ್ಡವರಂತೆ ವಿಚಾರಣೆಗೆ ಕಳಿಸಲು ಇದನ್ನೇ ಆಧಾರ ಮಾಡಿಕೊಂಡರೆ?

ಆಕ್ರಮಣಶೀಲತೆಗೆ: ಹಾಳೆಯೋ, ಡೈರಿಯೋ?

ಹಾಳೆಗಳಲ್ಲಿ ಎರಡು ಪ್ರಸಿದ್ಧ. ಬಸ್-ಪೆರ್ರಿ 1992ರದ್ದು, 29 ಪ್ರಶ್ನೆ: ಕೈ ಮಾಡುವುದು, ಬಾಯಿ ಮಾಡುವುದು, ಸಿಟ್ಟು, ಹಗೆತನ ಅಂತ ನಾಲ್ಕು ಭಾಗ. ಮೂಲತಃ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಕಟ್ಟಿದ್ದು. ಎಂಎ ಪ್ರಬಂಧಗಳಲ್ಲಿ ತುಂಬಾ ಕಾಣುತ್ತದೆ, ಯಾಕೆಂದರೆ ಸುಲಭವಾಗಿ ಸಿಗುತ್ತದೆ. ಆದರೆ ಯಾಕೆ ಹೊಡೆದ ಅನ್ನುವುದನ್ನು ಅದು ಬೇರ್ಪಡಿಸುವುದಿಲ್ಲ.

ಆರ್‌ಪಿಕ್ಯೂ (ರಿಯಾಕ್ಟಿವ್-ಪ್ರೊಆಕ್ಟಿವ್ ಅಗ್ರೆಷನ್ ಕ್ವೆಶ್ಚನೇರ್) ಅದನ್ನೇ ಬೇರ್ಪಡಿಸುತ್ತದೆ. ಏಡ್ರಿಯನ್ ರೇನ್ ತಂಡ 2006ರಲ್ಲಿ ಹೊರತಂದದ್ದು. 23 ಪ್ರಶ್ನೆ: 11 ಸಿಡಿಯುವ ಬಗೆಗೆ, 12 ಲೆಕ್ಕ ಹಾಕುವ ಬಗೆಗೆ. "ಎಂದೂ ಇಲ್ಲ, ಆಗಾಗ, ಪದೇಪದೇ" ಅಂತ ಮೂರೇ ಉತ್ತರ. ವಾಕ್ಯಗಳು ಚಿಕ್ಕವು, ಓದಿ ಹೇಳಿದರೂ ಹತ್ತು ಹದಿನೈದು ನಿಮಿಷದಲ್ಲಿ ಆಗಿಬಿಡುತ್ತದೆ. ಇಬ್ಬರು ಹುಡುಗರಿಗೆ ಒಟ್ಟು 18 ಬಂತು ಅನ್ನಿ. ಒಬ್ಬನದು 16 ಮತ್ತು 2. ಇನ್ನೊಬ್ಬನದು 8 ಮತ್ತು 10. ಮೊದಲನೆಯವನಿಗೆ ಸಿಟ್ಟು ಏರುವ ಮೊದಲು ಮೈಯಲ್ಲಿ ಏನಾಗುತ್ತದೆ ಅಂತ ಗುರುತಿಸಲು ಕಲಿಸಬೇಕು. ಎರಡನೆಯವನಿಗೆ ಸಿಟ್ಟಿನ ತರಗತಿ ಹೇಳಿದರೆ ಸುಮ್ನೆ ಟೈಂ ವೇಸ್ಟ್. ಅವನಿಗೆ ಹೊಡೆದರೆ ಏನೂ ಸಿಗುವುದಿಲ್ಲ, ಸುಮ್ಮನಿದ್ದರೆ ಸಿಗುತ್ತದೆ ಅನ್ನುವಂತೆ ದಿನಚರಿಯನ್ನೇ ಬದಲಿಸಬೇಕು. ಒಟ್ಟು ಅಂಕ ಮಾತ್ರ ಬರೆದ ವರದಿಯಲ್ಲಿ ಈ ವ್ಯತ್ಯಾಸ ಮಾಯ. ಹಾಳೆಗಳಲ್ಲಿ ಒಂದನ್ನೇ ಆರಿಸು ಅಂದರೆ ನನ್ನ ಬೆರಳು ಆರ್‌ಪಿಕ್ಯೂ ಕಡೆಗೆ.

ಆದರೆ ಹಾಳೆಗಿಂತ ಡೈರಿ ಮೇಲು. ಅದಕ್ಕೆ ಎಂಒಎಎಸ್ (ಮಾಡಿಫೈಡ್ ಓವರ್ಟ್ ಅಗ್ರೆಷನ್ ಸ್ಕೇಲ್) ಅನ್ನುವ ಸಾಧನ ಇದೆ. ಹುಡುಗನನ್ನು ಏನೂ ಕೇಳಬೇಕಿಲ್ಲ. ಕಳೆದ ವಾರ ಅವನು ಮಾಡಿದ್ದನ್ನು ನೋಡಿದವರು ಗುರುತು ಹಾಕುತ್ತಾರೆ: ಬೈದದ್ದು, ಸಾಮಾನು ಒಡೆದದ್ದು, ತನಗೇ ಗಾಯ ಮಾಡಿಕೊಂಡದ್ದು, ಬೇರೆಯವರಿಗೆ ಹೊಡೆದದ್ದು. ಒಂದೊಂದಕ್ಕೂ 0ರಿಂದ 4. ಆಮೇಲೆ ಕ್ರಮವಾಗಿ 1, 2, 3, 4ರಿಂದ ಗುಣಿಸಿ ಕೂಡಿಸಬೇಕು, ಒಟ್ಟು 40. ಮನೋರೋಗದ ವಾರ್ಡುಗಳಿಗೆ ಅಂತ ಹುಟ್ಟಿದ್ದು, ವೀಕ್ಷಣಾಲಯಕ್ಕೂ ಸಲೀಸಾಗಿ ಹೊಂದುತ್ತದೆ. ಭಾಷೆಯ ತೊಂದರೆ ಇಲ್ಲ, ಓದು ಬೇಕಿಲ್ಲ, ಹುಡುಗ ಸುಳ್ಳು ಹೇಳುವ ಪ್ರಶ್ನೆಯೇ ಇಲ್ಲ.

ಆದರೆ ಅಂಕದ ಜೊತೆ ನಾಲ್ಕು ಸಾಲು ಬರೆಯುವ ಅಭ್ಯಾಸ ಬೇಕು. "ಹುಡುಗ ಗಲಾಟೆ ಮಾಡಿದ" ಅಂತ ಬರೆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: "ಮಧ್ಯಾಹ್ನ 1.20. ಊಟದ ಸಾಲು. ಕರೆಂಟ್ ಇರಲಿಲ್ಲ. ಹಿಂದಿನವನು ತಳ್ಳಿದ. ಇವನು ತಟ್ಟೆ ನೆಲಕ್ಕೆ ಬಡಿದ, ಭುಜಕ್ಕೆ ಗುದ್ದಿದ. ವಾರ್ಡನ್ ಹೆಸರು ಹಿಡಿದು ಕರೆದ ಮೇಲೆ ನಿಂತ. ಐದು ನಿಮಿಷ ಆದಮೇಲೆ ಅತ್ತ." ಹೆಸರು ಹಿಡಿದು ಕರೆದರೆ ನಿಲ್ಲುತ್ತಾನೆ ಅನ್ನುವುದು ಅಧೀಕ್ಷಕರಿಗೆ ಯಾವ ಅಂಕಕ್ಕಿಂತಲೂ ದೊಡ್ಡ ಸುಳಿವು. ಆ ಅಳು ಕೌನ್ಸೆಲರ್‌ಗೆ ಸುಳಿವು. ಏಪ್ರಿಲ್, ಮೇ ತಿಂಗಳ ಡೈರಿಯನ್ನು ಓದುವಾಗ ಕಲಬುರಗಿಯ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. 42 ಡಿಗ್ರಿಯಲ್ಲಿ ಫ್ಯಾನ್ ನಿಂತರೆ ನಮಗೂ ತಲೆ ಕೆಡುತ್ತದೆ.

ಮುಂದೆ ಏನಾದೀತು ಅಂತ ಕೇಳಿದರೆ: ಸೇವ್ರಿ

ಬಿಡುಗಡೆ ಮಾಡಿದರೆ ಮತ್ತೆ ಹಿಂಸೆ ಮಾಡುತ್ತಾನಾ? ಈ ಪ್ರಶ್ನೆಗೆ ಮೇಲಿನ ಯಾವುದೂ ನೇರ ಉತ್ತರವಲ್ಲ. ಅದಕ್ಕೆ ಸೇವ್ರಿ (ಸ್ಟ್ರಕ್ಚರ್ಡ್ ಅಸೆಸ್‌ಮೆಂಟ್ ಆಫ್ ವಯಲೆನ್ಸ್ ರಿಸ್ಕ್ ಇನ್ ಯೂತ್) ಅನ್ನುವ ಚೌಕಟ್ಟು ಇದೆ. 12ರಿಂದ 18ರವರಿಗೆ. 24 ಅಪಾಯದ ಅಂಶ: 10 ಹಿಂದಿನ ಇತಿಹಾಸದ್ದು, 6 ಮನೆ, ಗೆಳೆಯರು, ಓಣಿಯದ್ದು, 8 ಹುಡುಗನ ಸ್ವಭಾವದ್ದು. ಕನಿಕರ, ಪಶ್ಚಾತ್ತಾಪದ ಕೊರತೆ ಇದರಲ್ಲಿ 24ರಲ್ಲಿ ಒಂದು ಅಂಶ ಮಾತ್ರ. ಆ ಅಳತೆಗೆ ಸಿಗಬೇಕಾದ ಜಾಗ ಅಷ್ಟೇ ಅಂತ ನನಗೆ ಅನ್ನಿಸುತ್ತದೆ.

ಇದರಲ್ಲಿ ನನಗೆ ಇಷ್ಟವಾಗುವುದು ಆ 24 ಬಿಟ್ಟು ಬೇರೆ ಇರುವ 6 ಅಂಶ, ಕಾಪಾಡುವ ಅಂಶಗಳು: ಒಳ್ಳೆಯ ಚಟುವಟಿಕೆ, ಬೆನ್ನಿಗೆ ನಿಲ್ಲುವ ಜನ, ಯಾರ ಮೇಲಾದರೂ ಗಟ್ಟಿ ಅಂಟು, ಸಹಾಯ ಒಪ್ಪಿಕೊಳ್ಳುವ ಮನಸ್ಸು, ಓದಿನ ಆಸೆ, ಕುಗ್ಗಿದರೂ ಎದ್ದು ನಿಲ್ಲುವ ಗುಣ. ಪ್ರತಿ ಬುಧವಾರ ಬೀದರ್‌ನಿಂದ ಬಸ್ಸು ಹಿಡಿದು ಬರುವ ಅಜ್ಜಿಯೊಬ್ಬಳು ಇದ್ದರೆ ಅದನ್ನು ಬರೆಯಲು ಇಲ್ಲಿ ಜಾಗ ಇದೆ. ಬೇರೆ ಟೆಸ್ಟ್‌ಗಳಲ್ಲಿ ಅಜ್ಜಿಗೆ ಜಾಗವೇ ಇಲ್ಲ. ಅಂಕ ಕೂಡಿಸಿ ತೀರ್ಪು ಹೇಳುವುದಿಲ್ಲ. ಎಲ್ಲ ನೋಡಿ ಕಡಿಮೆ, ಮಧ್ಯಮ, ಹೆಚ್ಚು ಅಂತ ತಜ್ಞರೇ ನಿರ್ಧರಿಸಬೇಕು. ಕೈಪಿಡಿ ಕೊಳ್ಳಬೇಕು, ತರಬೇತಿಯೂ ಬೇಕು.

ಭಾಷೆ ಮತ್ತು ಮನೆಯವರು

ನಮ್ಮ ಮೂರು ಜಿಲ್ಲೆಯಲ್ಲಿ ಹುಡುಗನ ಮನೆಮಾತು ಕನ್ನಡವೇ ಆಗಿರಬೇಕಿಲ್ಲ. ಕಲಬುರಗಿ ನಗರದ ಓಣಿಗಳಲ್ಲಿ ದಖನಿ ಉರ್ದು, ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಬೆಂಗಳೂರಿನಲ್ಲಿ ಯಾರೋ ಕನ್ನಡಕ್ಕೆ ತಂದ ಹಾಳೆ ಕೈಯಲ್ಲಿದ್ದರೂ ಚಿತ್ತಾಪುರದ ಹುಡುಗ "ಅಂದ್ರ ಏನ್ರಿ?" ಅಂತ ಕೇಳಬಹುದು. ಆಗ ಪ್ರತಿಯೊಬ್ಬ ಕೌನ್ಸೆಲರ್ ತನಗೆ ತೋಚಿದಂತೆ ವಿವರಿಸಿದರೆ ಅಂಕಗಳನ್ನು ಹೋಲಿಸಲು ಬರುವುದಿಲ್ಲ. ಮಾಡಬೇಕಾದದ್ದು ಇಷ್ಟು: ಒಬ್ಬರು ಅನುವಾದ ಮಾಡಿ, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷ್‌ಗೆ ವಾಪಸ್ ತಂದು, ತಾಳೆ ನೋಡಿ, ಆಮೇಲೆ ಕೆಲವು ಹುಡುಗರಿಗೆ ಓದಿ ಹೇಳಿ ಏನು ಅರ್ಥ ಆಯ್ತು ಅಂತ ಅವರ ಬಾಯಲ್ಲೇ ಕೇಳುವುದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಓದುವವರು ಪ್ರಬಂಧದ ವಿಷಯ ಹುಡುಕುತ್ತಿದ್ದರೆ, ಮತ್ತೊಂದು ಬಸ್-ಪೆರ್ರಿ ಸರ್ವೆಗಿಂತ ಇದು ಎಷ್ಟೋ ಪಾಲು ಉಪಯೋಗದ ಕೆಲಸ. ಮೂಲ ಮಾಡಿದವರ ಅನುಮತಿ ಮಾತ್ರ ಮೊದಲೇ ತಗೊಳ್ಳಿ.

ತಂದೆತಾಯಿ ಹಾಳೆಯದೂ ಇದೇ ಕಥೆ. ಅಪ್ಪ ಅಮ್ಮ ವರ್ಷದಲ್ಲಿ ಎಂಟು ತಿಂಗಳು ಮುಂಬೈಯಲ್ಲಿದ್ದರೆ ಅವರು ತುಂಬಿದ ಐಸಿಯು ಹಾಳೆಗೆ ಬೆಲೆ ಕಡಿಮೆ. ಹುಡುಗನ ಜೊತೆ ಇದ್ದವರು ಯಾರು ಅಂತ ಕೇಳಿ, ಅವರಿಂದ ತುಂಬಿಸಿ.

ಬುದ್ಧಿಮಟ್ಟ ನೋಡದೆ ಇವ್ಯಾವುದನ್ನೂ ಶುರು ಮಾಡಬೇಡಿ ಅನ್ನುವುದು ಇನ್ನೊಂದು ಮಾತು. ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆಯೇ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆ ಇದೆ, ನಮಗೆ ಅದು ಅನುಕೂಲ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ), ಮೂರ್ಛೆರೋಗ, ತಲೆಗೆ ಬಿದ್ದ ಹಳೆಯ ಪೆಟ್ಟು, ವೈಟ್ನರ್, ಗಾಂಜಾ ಚಟ ಇವನ್ನೂ ನೋಡಬೇಕು. ಚಟ ಬಿಟ್ಟ ಮೊದಲ ವಾರದಲ್ಲಿ ತುಂಬಿಸಿದ ಸಿಟ್ಟಿನ ಹಾಳೆ ಚಟದ ಬಗ್ಗೆ ಹೇಳುತ್ತದೆ, ಹುಡುಗನ ಬಗ್ಗೆ ಅಲ್ಲ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಮೊದಲು ಅಲ್ಲಿಗೆ ತೋರಿಸಿ.

ಮಂಡಳಿ ಕೇಳಿದ್ದು ಇದಲ್ಲ

2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, 16 ತುಂಬಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ, ಅವನನ್ನು ದೊಡ್ಡವರಂತೆ ವಿಚಾರಣೆಗೆ ಕಳಿಸಬೇಕಾ ಅಂತ ನಿರ್ಧರಿಸಲು ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಅದರಲ್ಲಿ ನೋಡುವುದು: ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತಾ, ಪರಿಣಾಮ ಅರ್ಥ ಮಾಡಿಕೊಳ್ಳುವ ಶಕ್ತಿ ಇತ್ತಾ, ಯಾವ ಸಂದರ್ಭದಲ್ಲಿ ನಡೆಯಿತು ಎನ್ನಲಾಗಿದೆ. ಇದು ವಿಚಾರಣೆಯಲ್ಲ ಅಂತ ಅದೇ ಸೆಕ್ಷನ್‌ನಲ್ಲಿ ಬರೆದಿದೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮಕ್ಕಳ ಮನೋವೈದ್ಯದ ಪದವಿ ಇದ್ದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಅಂತ 2022ರ ಜುಲೈ 13ರಂದು ಬರುನ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಮೌಲ್ಯಮಾಪನಕ್ಕೆ ಮೂರು ತಿಂಗಳ ಗಡುವು ಇದೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಆ ಗಡುವು ಕಡ್ಡಾಯವಲ್ಲ, ಮಾರ್ಗದರ್ಶಕ ಅಂತ ಅದೇ ಕೋರ್ಟ್ ಹೇಳಿದೆ.

ಆ ಮೂರು ಪ್ರಶ್ನೆಗಳಲ್ಲಿ ಸೈಕೋಪಥಿ ಎಲ್ಲಿದೆ? ಇಲ್ಲ. ಕನಿಕರ ಕಡಿಮೆ ಇದ್ದರೆ ಪರಿಣಾಮ ಅರ್ಥವಾಗುತ್ತದೆ ಅಂತಲೂ ಅಲ್ಲ, ಆಗುವುದಿಲ್ಲ ಅಂತಲೂ ಅಲ್ಲ. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಈ ಹಂತದಲ್ಲಿ ಹುಡುಗ ಅಪರಾಧ ಮಾಡಿದ್ದಾನೆ ಅಂತ ಸಾಬೀತಾಗಿಲ್ಲ. ಕಾಯ್ದೆಯ 3ನೇ ಸೆಕ್ಷನ್ ಅವನನ್ನು ನಿರಪರಾಧಿ ಅಂತಲೇ ನೋಡಬೇಕು ಅನ್ನುತ್ತದೆ. ಪಿಸಿಎಲ್-ವೈವಿಯಲ್ಲಿ ಪಶ್ಚಾತ್ತಾಪಕ್ಕೆ ಅಂಕ ಇದೆ, ಅಪರಾಧದ ಇತಿಹಾಸಕ್ಕೂ ಅಂಕ ಇದೆ. "ನಾ ಮಾಡಿಲ್ರಿ ಮೇಡಂ" ಅನ್ನುವ ಹುಡುಗ ನಿಜವಾಗಿ ಮಾಡಿಲ್ಲದಿದ್ದರೆ ಯಾವುದಕ್ಕೆ ಪಶ್ಚಾತ್ತಾಪ ಪಡಬೇಕು? ಅವನಿಗೆ 2 ಅಂಕ ಹಾಕಿದರೆ ತೀರ್ಪು ನಾವೇ ಕೊಟ್ಟಂತಾಯ್ತು.

ಹಾಗಾಗಿ 15ನೇ ಸೆಕ್ಷನ್ ವರದಿಗೆ ಬುದ್ಧಿಮಟ್ಟ, ಬೆಳವಣಿಗೆಯ ಇತಿಹಾಸ, ಮಾನಸಿಕ ಕಾಯಿಲೆ, ಚಟ, ಆಘಾತ, ಗೆಳೆಯರ ಒತ್ತಡ, ಮನೆಯ ಸ್ಥಿತಿ ಬರೆಯಿರಿ. ನಿಮ್ಹಾನ್ಸ್‌ನ ಸಂವಾದ್ ತಂಡ ಇದಕ್ಕೆ ಅಂತಲೇ ನಮೂನೆ ಮಾಡಿದೆ, ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ 2023ರ ಮಾರ್ಗಸೂಚಿಯೂ ಇದೆ. ಮಂಡಳಿಯವರು "ಸೈಕೋಪಥ್ ಟೆಸ್ಟ್ ಮಾಡಿಸಿದ್ರಾ?" ಅಂತ ಕೇಳಿದರೆ, ಈ ವಯಸ್ಸಿಗೆ ಆ ರೋಗನಿರ್ಣಯ ಇಲ್ಲ, ಕಾಯ್ದೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ ಅಂತ ಎರಡು ಸಾಲಿನಲ್ಲಿ ಬರೆದುಕೊಡಿ.

ಹಾಗಾದರೆ ಯಾವುದು ತಗೊಳ್ಳಲಿ?

ವೀಕ್ಷಣಾಲಯದಲ್ಲಿ ದಿನದ ಕೆಲಸಕ್ಕೆ ಎಂಒಎಎಸ್ ಡೈರಿ, ಹುಡುಗ ಸ್ವಲ್ಪ ಹೊಂದಿಕೊಂಡ ಮೇಲೆ ಆರ್‌ಪಿಕ್ಯೂ. ಇದಕ್ಕಿಂತ ಜಾಸ್ತಿ ಎಲ್ಲರಿಗೂ ಬೇಡ. ಡೈರಿಯಲ್ಲಿ ಲೆಕ್ಕ ಹಾಕಿ ಹೊಡೆಯುವ ಬಗೆ ಮತ್ತೆಮತ್ತೆ ಕಂಡರೆ ಮಾತ್ರ ಐಸಿಯು, ಅದೂ ಹುಡುಗನಿಂದ ಒಂದು, ಅವನನ್ನು ಬೆಳೆಸಿದವರಿಂದ ಒಂದು, ಜೊತೆಗೆ ಆಘಾತದ ಪ್ರಶ್ನೆಗಳು. ಬಿಡುಗಡೆಯ ಹೊತ್ತಿಗೆ ಪುನರ್ವಸತಿ ಯೋಜನೆ ಬರೆಯಲು ಸೇವ್ರಿ ಚೌಕಟ್ಟು. ಪಿಸಿಎಲ್-ವೈವಿ ದೀರ್ಘ ಚಿಕಿತ್ಸೆ ಕೊಡುವ, ತರಬೇತಿ ಪಡೆದ ತಂಡ ಇರುವ ಕಡೆಗೆ. ನಮ್ಮಲ್ಲಿ ಅಂಥ ವ್ಯವಸ್ಥೆ ಬರುವ ತನಕ ಅದು ಅಲಮಾರಿಯಲ್ಲೇ ಇರಲಿ. ಇನ್ನೂ ಆರೋಪವೇ ಇಲ್ಲದ, ಶಾಲೆಯಲ್ಲಿ ತಂಟೆ ಮಾಡುವ ಮಕ್ಕಳನ್ನು ಗುರುತಿಸಲು ಇವ್ಯಾವುದೂ ಬೇಡ. 25 ಪ್ರಶ್ನೆಯ ಎಸ್‌ಡಿಕ್ಯೂ (ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್) ಕಾಸಿಲ್ಲದೆ ಸಿಗುತ್ತದೆ, ಅದೇ ಸಾಕು.

ಯಾರು ಮಾಡಬೇಕು ಅನ್ನುವುದರಲ್ಲೂ ಸಡಿಲ ಬೇಡ. ಡೈರಿಯನ್ನು ತಿಳಿಸಿಕೊಟ್ಟರೆ ವಾರ್ಡನ್ ಬರೆಯಬಹುದು. ಆರ್‌ಪಿಕ್ಯೂ ಕೌನ್ಸೆಲರ್ ಮಾಡಬಹುದು. ಐಸಿಯುವಿನಿಂದ ಮುಂದಿನದೆಲ್ಲ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರ ಉಸ್ತುವಾರಿಯಲ್ಲಿ ಆಗಲಿ.

ಹಾಳೆಗಳನ್ನು ಬೀಗ ಹಾಕಿದ ಅಲಮಾರಿಯಲ್ಲಿ ಇಡಿ. ಮಂಡಳಿ ಪರಿಗಣಿಸಿದ ವರದಿಗಳು ಗೋಪ್ಯ ಅಂತ 99ನೇ ಸೆಕ್ಷನ್ ಹೇಳುತ್ತದೆ, ಹುಡುಗನ ಗುರುತು ಹೊರಗೆ ಬರಬಾರದು ಅಂತ 74ನೇ ಸೆಕ್ಷನ್. ತುಂಬಿದ ಹಾಳೆಯ ಫೋಟೋ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕುವುದು ಇವತ್ತಿಗೇ ನಿಲ್ಲಲಿ. ಅಂಕ ಆರು ತಿಂಗಳು ದಾಟಿದ್ದರೆ ಹಳೆಯದನ್ನು ಹೊಸ ವರದಿಗೆ ನಕಲು ಮಾಡದೆ ಮತ್ತೆ ಅಳೆಯಿರಿ. ಈ ವಯಸ್ಸಿನಲ್ಲಿ ಆರು ತಿಂಗಳಿಗೆ ಹುಡುಗನ ದನಿಯೇ ಬದಲಾಗಿರುತ್ತದೆ.